ಅರಿಶಿನ ಹಚ್ಚಿದ ಸರ್ವೆ

ದಿಂಡಿಗಲ್ಲಿನ ಈ ಮಹಡಿಮನೆಗೆ ನಾನು ಬಾಡಿಗೆಗೆ ಬಂದ ಮೊದಲ ಡಿಸೆಂಬರು. ಒಂದು ಸಂಜೆ ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಕೆಳಮನೆಯ ಮುಂಗೋಣೆಯಲ್ಲಿ ಒಂದು ಹಸಿರು ಕಂಬ ನಿಂತಿರುವುದು ಕಂಡಿತು. ಮಣ್ಣು ತುಂಬಿದ ಬಕೆಟ್ಟಿನಲ್ಲಿ ನೆಟ್ಟು ಬುಡಕ್ಕೆ ನೀರು ಹಾಕಿದ್ದರು. ನಾನು ಬಾಗಿಲಲ್ಲೇ ನಿಂತು ಮನೆಯ ಯಜಮಾನಿಯನ್ನು, "ಯಾರಿಗೆ ಮದುವೆ?" ಎಂದು ಕೇಳಿಬಿಟ್ಟೆ. ಆಕೆ ಮೊದಲು ಪಿಳಿಪಿಳಿ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಲ್ಯಾಣಮಾ? ಕ್ರಿಸ್‌ಮಸ್ ಮರಂ ಅಕ್ಕಾ!" ಎಂದಳು. ಸರ್ವೆ ಮರದ ತುದಿಯನ್ನು ಕಡಿದು ತಂದು, ಬಣ್ಣದ ದೀಪ ಕಟ್ಟುವ ಮೊದಲು ಹಾಗೆ ನಿಲ್ಲಿಸಿದ್ದರು. ಧನುರ್ಮಾಸ ಬರುವ ಮಾರ್ಗಳಿ ತಿಂಗಳಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ ಎಂಬುದೂ ನನಗೆ ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ.

ನಕ್ಕರೆ ನಗಲಿ ಬಿಡಿ. ನಮ್ಮವರ ಕಣ್ಣಿಗೆ ಮನೆಯೊಳಗೆ ಹಸಿ ಕಂಬವೊಂದು ನಿಂತು, ಅದರ ಬುಡ ಒದ್ದೆಯಾಗಿದ್ದರೆ, ಅದು ಹಂದರಗಂಬವೇ. ನಮ್ಮವರು ಎಂದರೆ ತಮಿಳುನಾಡಿನಲ್ಲಿ ತೇನಿಯ ಆಚೆಗಿನ ಕಂಬಂ ಕಣಿವೆಯ ಕನ್ನಡದವರು. ಯಾವ ಕಾಲದಲ್ಲಿ, ಯಾವ ದಾರಿ ಹಿಡಿದು ಇಲ್ಲಿಗೆ ಬಂದೆವು ಎಂದು ಕೇಳಿದರೆ ಮನೆಗೊಂದು ಕತೆ ಹೇಳುತ್ತಾರೆ. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಹೀಗೆಯೇ ನಡೆದು ಬಂದಿದೆ. ಮದುವೆಗೆ ಮುಂಚೆ ಅಂಗಳದಲ್ಲಿ ಹಾಲುವಾಣದ ಹಸಿ ಕೊಂಬೆ ನೆಟ್ಟು, ಅದಕ್ಕೆ ಅರಿಶಿನ ಹಚ್ಚಿ, ಮುತ್ತೈದೆಯರು ತೋಟದ ಬಾವಿಯಿಂದ ನೀರು ತಂದು ಎರೆಯುತ್ತಾರೆ. ಮದುವೆ ಮುಗಿದ ಮೇಲೆ ಆ ಕಂಬವನ್ನು ಕಂಡಲ್ಲಿ ಎಸೆಯುವಂತಿಲ್ಲ, ಒಲೆಗೆ ಇಡುವಂತಿಲ್ಲ. ನೀರಿರುವ ಕಡೆಗೆ ಒಯ್ದು ನೆಡಬೇಕು. ಹಾಲುವಾಣ ಬೇಗ ಬೇರು ಬಿಡುವ ಜಾತಿ. ನನ್ನ ಮದುವೆಯ ಕಂಬ ತವರೂರು ಓಡೈಪಟ್ಟಿಯ ನಮ್ಮ ತೋಟದ ಬಾವಿಯ ಪಕ್ಕದಲ್ಲಿ ಮರವಾಗಿ ನಿಂತಿದೆ, ಪ್ರತಿವರ್ಷ ಕೆಂಪಗೆ ಹೂ ಬಿಡುತ್ತದೆ. ನನ್ನ ಗಂಡ ಹೋಗಿ ಎಷ್ಟೋ ವರ್ಷವಾಯಿತು, ಮರ ಮಾತ್ರ ಚೆನ್ನಾಗಿದೆ.

ನನಗೆ ಮಕ್ಕಳಿಲ್ಲ. ಚಿನ್ನಾಳಪಟ್ಟಿಯ ಒಂದು ಕೈಮಗ್ಗದ ಸೀರೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಸೀರೆ ಬಿಚ್ಚುವುದು, ಸೀರೆ ಮಡಿಸುವುದು. ಇಡೀ ದಿನ ಬಾಯಿ ತುಂಬ ಮಾತಾಡುತ್ತೇನೆ, ಎಲ್ಲವೂ ತಮಿಳು. ಮನೆಗೆ ಬಂದು ಬೀಗ ತೆಗೆದ ಮೇಲೆ ಕನ್ನಡದಲ್ಲಿ ಮಾತಾಡಲು ಯಾರೂ ಇಲ್ಲ. ಹಾಲು ಉಕ್ಕಿದರೆ ಹಾಲಿಗೆ ಬೈಯುತ್ತೇನೆ, ಅಷ್ಟೇ ನನ್ನ ಕನ್ನಡ. ಈ ಲಿಪಿಯನ್ನು ಕೂಡ ಅಂಗಡಿಯ ದೆಸೆಯಿಂದಲೇ ಕಲಿತೆ. ಕರ್ನಾಟಕದಿಂದ ಬರುವ ರೇಷ್ಮೆ ನೂಲಿನ ಕಟ್ಟಿಗೆ ಕನ್ನಡ ಪತ್ರಿಕೆಯ ಹಾಳೆ ಸುತ್ತಿರುತ್ತದೆ. ಅದನ್ನು ಮನೆಗೆ ತಂದು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಯಾವುದೋ ಊರಿನ ನೀರಿನ ಸಮಸ್ಯೆ, ಯಾರದೋ ನಿಧನವಾರ್ತೆ, ಎಲ್ಲವನ್ನೂ ನೆಂಟರ ಸುದ್ದಿಯೆಂಬಂತೆ ಜೋರಾಗಿ ಓದುತ್ತಿದ್ದೆ. ಹುಚ್ಚು ಎನ್ನಿ, ಆದರೆ ಮನೆಯಲ್ಲಿ ಒಂದು ದನಿ ಕೇಳಬೇಕಲ್ಲ.

ಕಳೆದ ಡಿಸೆಂಬರಿನಲ್ಲಿ ಓಡೈಪಟ್ಟಿಯಿಂದ ತಮ್ಮ ಫೋನು ಮಾಡಿದ. ಅವನ ಮಗಳಿಗೆ ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ. ಅವಳು ಹುಟ್ಟಿದಾಗ ಮೊದಲು ಮಡಿಲಿಗೆ ಹಾಕಿಕೊಂಡವಳು ನಾನು. ಸೋದರತ್ತೆ ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಕಂಬಕ್ಕೆ ಅರಿಶಿನ ಹಚ್ಚುವುದು, ಆ ಮೇಲೆ ಹುಡುಗಿಯ ಕೆನ್ನೆಗೆ ಹಚ್ಚುವುದು, ಎರಡರಲ್ಲೂ ಅತ್ತೆಯ ಕೈಯೇ ಮೊದಲು. ನಾನು ಫೋನಿನಲ್ಲೇ, ರಜೆ ಹಾಕುತ್ತೇನೆ, ಮುಂಚೆಯೇ ಬಂದು ಎಲ್ಲ ನೋಡಿಕೊಳ್ಳುತ್ತೇನೆ ಎಂದು ಶುರು ಹಚ್ಚಿಕೊಂಡೆ. ತಮ್ಮ ಒಂದೆರಡು ಸಲ ಕೆಮ್ಮಿದ.

"ಅಕ್ಕಾ, ಕಂಬ ನೆಡೋ ನಾಳು ನೀ ಬರ್ಬ್ಯಾಡ. ಊರ್ ಹೆಂಗಸ್ರು ಏನಾನ ಪೇಸ್ತಾರೆ. ಮದ್ವೆ ನಾಳು ಬಾ, ಅದೇ ಪೋದು."

ನಾಳು ಎಂದರೆ ದಿನ, ಪೇಸೋದು ಎಂದರೆ ಮಾತಾಡುವುದು, ಪೋದು ಎಂದರೆ ಸಾಕು. ನನ್ನ ತಮ್ಮ ಕೆಟ್ಟವನಲ್ಲ. ಹೇಳುವಾಗ ಅವನ ದನಿ ಇಳಿದಿತ್ತು. ನಾನೂ, "ಆಗಲಿ ಬಿಡಪ್ಪ, ನಂಗೂ ಅಂಗಡೀಲಿ ಬೋ ಕೆಲ್ಸ" ಎಂದೆ. ಫೋನು ಇಟ್ಟ ಮೇಲೆ ಅತ್ತುಬಿಟ್ಟೆ. ಗಂಡ ಸತ್ತಾಗ ಊರೇ ಸೇರಿ ಅತ್ತಿತ್ತು, ಆಗಿನದು ಬೇರೆ. ಈ ಸಲ ಅತ್ತದ್ದು ಒಬ್ಬಳೇ, ಅದೂ ಕೆಳಗೆ ಕೇಳಿಸದಂತೆ.

ಆ ವಾರವೇ ಕೆಳಮನೆಯವರು ಹಬ್ಬ ಮುಗಿಸಿ ವೇಳಾಂಗಣ್ಣಿಗೆ ಹೊರಟರು. ಹೊಸ ವರ್ಷ ಕಳೆದ ಮೇಲೆ ಬರುತ್ತೇವೆ ಎಂದು ಯಜಮಾನಿ ಬೀಗದ ಕೈ ನನ್ನ ಕೈಗಿಟ್ಟಳು. "ಅಕ್ಕಾ, ಮರಕ್ಕೆ ದಿನಾ ಒಂದು ಚೊಂಬು ನೀರು ಹಾಕಿ. ಜನವರಿ ಆರಕ್ಕೆ ಮೂರು ರಾಜರ ಹಬ್ಬ, ಅಲ್ಲಿವರೆಗೆ ಹಸಿರಾಗಿರಬೇಕು" ಎಂದು ತಮಿಳಿನಲ್ಲಿ ಹೇಳಿ ಆಟೋ ಹತ್ತಿದಳು. ಆಕೆಗೆ ಅದು ಏನೂ ಅಲ್ಲದ ಮಾತು. ಕಂಬಕ್ಕೆ ನೀರೆರೆಯಿರಿ ಎಂದು ನನ್ನನ್ನು ಒಬ್ಬರು ಕೇಳಿ ಎಷ್ಟು ಕಾಲವಾಗಿತ್ತು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಮೊದಲ ದಿನ ಚೊಂಬು ಹಿಡಿದು ಹೋಗಿ ನೀರು ಹಾಕಿ ಬಂದೆ. ಎರಡನೆಯ ದಿನ ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಆ ಮರದ ಹತ್ತಿರ ಕೂತರೆ ಕಾಡಿನ ವಾಸನೆ ಬರುತ್ತಿತ್ತು. ಅದರೊಡನೆ ಕನ್ನಡದಲ್ಲಿ ಮಾತಾಡಿದೆ. ತಮ್ಮನ ಮೇಲೆ ಚಾಡಿ ಹೇಳಿದೆ, ತಮ್ಮನ ಹೆಂಡತಿಯ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಹೇಳಿದೆ. ಹೊಸ ವರ್ಷದ ಬೆಳಿಗ್ಗೆ ಹೆಚ್ಚಾಗಿ ಕ್ರೈಸ್ತರೇ ಇರುವ ನಮ್ಮ ಬೀದಿಯೆಲ್ಲ ಚರ್ಚಿಗೆ ಹೋಗಿ ಬಂದು ಕೇಕು ಹಂಚುತ್ತಿರುವಾಗ, ನಾನು ತಲೆಗೆ ಸ್ನಾನ ಮಾಡಿ, ಒಂದು ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಕೆಳಗಿಳಿದೆ. ಇದನ್ನು ಮೊದಲೇ ಯೋಚಿಸಿ ಮಾಡಿದೆನೆಂದರೆ ಸುಳ್ಳಾಗುತ್ತದೆ. ಕೈ ತಾನಾಗಿ ಹೋಯಿತು. ಬುಡದಿಂದ ಕೊಂಬೆ ಒಡೆಯುವ ಜಾಗದವರೆಗೆ, ನಮ್ಮಮ್ಮ ಹಚ್ಚುತ್ತಿದ್ದ ಹಾಗೆಯೇ, ತೊಗಟೆಯ ಸಂದುಗೊಂದಿಗೂ ಬಿಡದೆ ಹಚ್ಚಿದೆ. ಬೇಡ ಎನ್ನಲು ಅಲ್ಲಿ ಯಾರಿದ್ದರು? ನಕ್ಷತ್ರ, ಗಂಟೆ, ಹತ್ತಿಯ ಹಿಮ, ನಡುವೆ ಹಳದಿ ಕಾಂಡ. ನೋಡಲು ಚೆನ್ನಾಗಿಯೇ ಇತ್ತು.

ಯಜಮಾನಿ ತಿರುಗಿ ಬಂದವಳು ಮೆಟ್ಟಿಲ ಬುಡದಿಂದಲೇ ಕೂಗಿದಳು. "ಎನ್ನಕ್ಕಾ, ಮರತ್ತುಕ್ಕು ಮಂಜಳ್ ಪೂಸಿ ವಿಟ್ಟಿರುಕ್ಕೀಂಗ!" ಮರಕ್ಕೆ ಅರಿಶಿನ ಬಳಿದಿದ್ದೀರಲ್ಲ ಎಂದು. ಬೈಯುತ್ತಾಳೆ ಎಂದುಕೊಂಡೆ. ನಮ್ಮಲ್ಲಿ ಕಂಬಕ್ಕೆ ಹೀಗೆ ಮಾಡುತ್ತೇವೆ, ಕೈ ತಪ್ಪಿ ಹೋಯಿತು ಎಂದು ಏನೇನೋ ತೊದಲಿದೆ. ಆಕೆ ನಗುತ್ತಾ ನನ್ನನ್ನು ಮರದ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಆ ಸಲ ಅವರ ಪಾದ್ರಿಗಳು ಹೊಸ ವರ್ಷದ ಪ್ರವಚನದಲ್ಲಿ ಭೂಮಿಯ ವಿಚಾರ ಎತ್ತಿದ್ದರಂತೆ. ಪ್ಲಾಸ್ಟಿಕ್ ಬಿಡಿ, ಹಬ್ಬದ ಮರವನ್ನು ಸುಡಬೇಡಿ, ಮಣ್ಣಿಗೆ ಸೇರಿಸಿ ಎಂದರಂತೆ. ಇಡೀ ಬೀದಿ ತಲೆಯಾಡಿಸಿ ಬಂದಿತ್ತು. ಆದರೆ ದಿಂಡಿಗಲ್ಲಿನ ಬೀದಿಯಲ್ಲಿ ಮಣ್ಣು ಎಲ್ಲಿದೆ? ಬಾಗಿಲಿಂದ ಬಾಗಿಲಿಗೆ ಸಿಮೆಂಟು. ಮೂರು ರಾಜರ ಹಬ್ಬ ಮುಗಿದದ್ದೇ ತಡ, ದೀಪ ಬಿಚ್ಚಿ, ನಕ್ಷತ್ರ ಡಬ್ಬಕ್ಕೆ ಹಾಕಿ, ಎಲ್ಲರೂ ಮರಗಳನ್ನು ಮೂಲೆಯ ಕಸದ ತೊಟ್ಟಿಯ ಪಕ್ಕ ಒರಗಿಸಿ ಒಳಗೆ ಹೋದರು.

ಮರುದಿನ ಬಸ್ಸಿಗೆ ಹೊರಟಾಗ ನನ್ನ ಸರ್ವೆ ಕಣ್ಣಿಗೆ ಬಿತ್ತು. ಅಷ್ಟು ಮರಗಳ ನಡುವೆ ಅದೊಂದೇ ಹಳದಿ. ಅದರ ಮೇಲೆ ಯಾರೋ ಮೊಟ್ಟೆಯ ಸಿಪ್ಪೆ ಸುರಿದಿದ್ದರು. ಇನ್ನೊಂದು ವಾರಕ್ಕೆ ಭೋಗಿ. ಹಳೆಯ ಚಾಪೆ, ಮುರುಕು ಪೊರಕೆಗಳ ಜೊತೆ ಇದನ್ನೂ ಬೆಂಕಿಗೆ ಎಳೆಯುತ್ತಾರೆಂದು ನನಗೆ ಗೊತ್ತಿತ್ತು. ಅರಿಶಿನ ಹಚ್ಚಿದ ಕಂಬ ಕಸದಲ್ಲಿ ಬಿದ್ದಿರುವುದನ್ನು ನೋಡಿಕೊಂಡು ಹೇಗೆ ಬಸ್ಸು ಹತ್ತಲಿ? ಸೀರೆಯ ಸೆರಗು ಸಿಕ್ಕಿಸಿ, ಅದನ್ನು ಎಳೆದುಕೊಂಡು ಬಂದು ಮೆಟ್ಟಿಲ ಕೆಳಗೆ ನಿಲ್ಲಿಸಿದೆ. ಅವತ್ತು ಅಂಗಡಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಕೆಳಮನೆಯಾಕೆ ಕಿಟಕಿಯಿಂದ ನೋಡಿದ್ದಳು. ಪಾದ್ರಿಗಳ ಮಾತು ಕೇಳಿ ಮಹಡಿಯ ಅಕ್ಕ ಮರಗಳನ್ನು ಕೂಡಿಸುತ್ತಿದ್ದಾಳೆ, ಅವಳ ಊರಿನಲ್ಲಿ ತೋಟವಿದೆಯಂತೆ, ಎಂದು ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು. ಸಂಜೆ ಬಂದು ನೋಡಿದರೆ ಮೆಟ್ಟಿಲು ಕಾಣಿಸುವುದಿಲ್ಲ! ಸರ್ವೆಯ ರಾಶಿ ಹೊಸಿಲವರೆಗೆ ಏರಿತ್ತು. ಒಂದರಲ್ಲಿ ಇನ್ನೂ ಗಂಟೆ ನೇತಾಡುತ್ತಿತ್ತು. ಇಷ್ಟು ವರ್ಷ ನನ್ನನ್ನು ಕಂಡರೆ ತಲೆಯಾಡಿಸಿ ಹೋಗುತ್ತಿದ್ದವರು ನಿಂತು ಮಾತಾಡಿಸತೊಡಗಿದರು. "ಒಳ್ಳೆ ಕೆಲಸ ಅಕ್ಕಾ, ಇನ್ನು ಮೇಲೆ ನಾವೂ ಬಟ್ಟೆ ಚೀಲವೇ" ಎಂದು ಒಬ್ಬಾಕೆ ಚೀಲ ಎತ್ತಿ ತೋರಿಸಿದಳು. ನನಗೆ ಬೇಕಾಗಿದ್ದದ್ದು ಒಂದೇ ಮರ. ಹಸಿರು ಉಳಿಸಿದ ಪುಣ್ಯವೆಲ್ಲ ಅವರಿಗೆ, ರಾಶಿ ಮಾತ್ರ ನನ್ನ ಕೊರಳಿಗೆ. ಆದರೂ ಬೇಡ ಎನ್ನಲಿಲ್ಲ. ಜನ ನನ್ನ ಬಾಗಿಲಿಗೆ ಬರುತ್ತಿದ್ದರಲ್ಲ, ಅದೇ ಒಂದು ಹಿತವಾಗಿತ್ತು.

ಆ ಹಿತ ನಾಲ್ಕು ದಿನದ್ದು. ಮರಗಳು ಬಂದು ಮುಗಿದ ಮೇಲೆ ಜನ ಬರುವುದೂ ಮುಗಿಯಿತು. ಭೋಗಿಯ ಮುಂಜಾನೆ ಬೆಂಕಿಗೆಂದು ಕೇಳಲು ಬಂದವರನ್ನು ನಾನೇ ಗದರಿಸಿ ಕಳಿಸಿದೆ. ಪೊಂಗಲ್ ದಿನ ಸೂಜಿಯಂಥ ಎಲೆಗಳೆಲ್ಲ ಒಣಗಿ ಮೆಟ್ಟಿಲ ತುಂಬ ಉದುರುತ್ತಿದ್ದವು. ನಾನು ಒಬ್ಬಳಿಗಾಗುವಷ್ಟು ಅಕ್ಕಿ ಬೇಯಿಸಿ, ಬಾಗಿಲಲ್ಲಿ ಕೂತು ಉಂಡೆ.

ತಮ್ಮನಿಗೆ ಫೋನು ಮಾಡಿ ರಾಶಿಯ ವಿಷಯ ಹೇಳಿದೆ. ಅವನು ದ್ರಾಕ್ಷಿ ಬೆಳೆಯುವವನು. ಬಳ್ಳಿಯ ಬುಡದ ಮಣ್ಣು ಒಣಗದಂತೆ ಹೊದಿಸಲು ಸೊಪ್ಪುಸದೆ ಎಷ್ಟಿದ್ದರೂ ಬೇಕು. "ಕಳ್ಸು ಅಕ್ಕಾ, ನಮ್ ಹಣ್ಣಿನ ವ್ಯಾನು ದಿಂಡಿಗಲ್ಲಿಂದ ತಿರುಗಿ ಬರ್ವಾಗ ಬರಿದಾಗೇ ಬತ್ತದೆ" ಎಂದ. ಕಳಿಸು ಎಂದ, ಬಾ ಎನ್ನಲಿಲ್ಲ. ಅವನ ಮಗಳು ನಡುವೆ ಫೋನು ಕಸಿದುಕೊಂಡಳು. ಅವಳಿಗೆ ನಮ್ಮ ಕನ್ನಡ ಪೂರಾ ತಿಳಿಯುತ್ತದೆ, ಆಡುವುದು ಮಾತ್ರ ತಮಿಳು. ಅವಳದ್ದೂ ಆ ವರ್ಷ ಹಸಿರಿನ ಹಟ. ಮದುವೆಗೆ ಫ್ಲೆಕ್ಸ್ ಬೋರ್ಡು ಬೇಡ, ಪ್ಲಾಸ್ಟಿಕ್ ಬಾಟಲಿ ಬೇಡ, ಚೊಂಬಿನಲ್ಲೇ ನೀರು ಕೊಡಬೇಕು ಎಂದು ಅಪ್ಪನ ತಲೆ ತಿನ್ನುತ್ತಿದ್ದಳು. "ಸೂಪರ್ ಅತ್ತೆ! ಎಪ್ಪೋ ವರ್ರೀಂಗ?" ಎಂದು ಕೇಳಿದಳು. ಯಾವಾಗ ಬರುತ್ತೀರಿ ಎಂದು. ನಾನು ಉತ್ತರ ಹೇಳುವ ಮೊದಲೇ ಫೋನು ಅವಳ ಅಪ್ಪನ ಕೈಗೆ ಹೋಗಿತ್ತು.

ವ್ಯಾನು ಬರುವ ದಿನವನ್ನು ಗೊತ್ತು ಮಾಡಿದವನು ಡ್ರೈವರು. ಅದೇ ಕಂಬ ನೆಡುವ ದಿನ ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದು ಯಾರ ಮುಂದೆ ನಟಿಸಲಿ? ಬೆಳಗ್ಗೆ ಹಣ್ಣಿಳಿಸಿ ಬಂದ ಡ್ರೈವರು ಮರಗಳನ್ನೆಲ್ಲ ಹೇರಿ ಹಗ್ಗ ಬಿಗಿದ. "ಅಕ್ಕಾ, ನೀನೂ ಬತ್ತೀಯಾ?" ಎಂದ. ಅವನೂ ನಮ್ಮವನೇ. ಎಷ್ಟೋ ದಿನದ ಮೇಲೆ ಎದುರಿಗೆ ನಿಂತವರ ಬಾಯಿಂದ ಕನ್ನಡ ಕೇಳಿದೆ. "ಬತ್ತೀನಪ್ಪ, ಸೊಪ್ಪನ್ನ ಎಂಗೆ ಹರಡ್ಬೇಕು ಅಂತ ಯಾರ್ಗೂ ತಿಳೀದು" ಎಂದು ಮುಂದಿನ ಸೀಟಿಗೆ ಹತ್ತಿಕೊಂಡೆ. ಬತ್ತಲಗುಂಡು ದಾಟಿತು, ತೇನಿ ದಾಟಿತು. ಚಿನ್ನಮನೂರಿನ ಹತ್ತಿರ ಬೆಟ್ಟಗಳು ಕಂಡಾಗ, ತಿರುಗಿ ಹೋಗೋಣ ಎನ್ನಿಸಿತು. ಅಷ್ಟರಲ್ಲಿ ಡ್ರೈವರು ಅವನ ಎಮ್ಮೆಯ ಕತೆ ಹೇಳತೊಡಗಿದ್ದ, ಕನ್ನಡದಲ್ಲಿ. ಅದನ್ನು ಕೇಳುವ ಆಸೆಗೆ ಸುಮ್ಮನೆ ಕೂತೆ.

ಮನೆಯ ಕಡೆಗೆ ಹೋಗಲಿಲ್ಲ. ವ್ಯಾನನ್ನು ನೇರವಾಗಿ ತೋಟಕ್ಕೆ ಬಿಡಿಸಿದೆ. ತೋಟದಿಂದ ಮನೆ ಕೂಗಳತೆಯ ದೂರ. ತಮ್ಮ ಓಡಿ ಬಂದ, ನನ್ನನ್ನು ನೋಡಿ ನಿಂತ. ಬಿಳಿ ಪಂಚೆ, ಹಣೆಗೆ ಕುಂಕುಮ, ಮದುವೆಮನೆಯ ಕಳೆ. "ಅಕ್ಕಾ" ಎಂದ.

"ನಾ ಮನೆಗೆ ಬರಾಕಿಲ್ಲ. ಇವುನ್ನ ಹರಡಿ ಸಾಯಂಕಾಲ ಬಸ್ಸಿಗೆ ಹೊಂಟೋಯ್ತೀನಿ. ನೀ ಹೋಗು, ಹೊತ್ತಾಯ್ತು" ಎಂದೆ.

ಅವನು ನೆಲ ನೋಡಿಕೊಂಡು, "ಊಟ ಇಲ್ಲಿಗೇ ಕಳಿಸ್ತೀನಿ" ಎಂದು ಹೋದ. ಸಿಟ್ಟು ನೆತ್ತಿಗೇರಿತು. ಇಲ್ಲ ಅಕ್ಕಾ, ಬಾ, ಯಾರೇನು ಪೇಸ್ತಾರೋ ನೋಡೋಣ, ಎಂದು ಒಂದು ಮಾತು ಹೇಳಿದ್ದರೆ! ನಾನು ಹೋಗುತ್ತಿರಲಿಲ್ಲ. ಆದರೆ ಹೇಳಬೇಕಿತ್ತು.

ಡ್ರೈವರು ಮರಗಳನ್ನು ಇಳಿಸಿ ಹೊರಟ. ನಾನು ದ್ರಾಕ್ಷಿ ಹಂದರದ ಕೆಳಗೆ ಬಗ್ಗಿಕೊಂಡು, ಒಂದೊಂದೇ ಕೊಂಬೆ ಒದರಿ ಎಲೆ ಉದುರಿಸಿ, ಬಳ್ಳಿಯ ಬುಡಕ್ಕೆ ಹರಡಿದೆ. ತಲೆಯ ಮೇಲೆ ಗೊಂಚಲು, ಕಾಲ ಕೆಳಗೆ ದಿಂಡಿಗಲ್ಲಿನ ಕ್ರಿಸ್‌ಮಸ್. ಬೋಳು ಕಡ್ಡಿಗಳನ್ನು ಆಧಾರಕ್ಕಾಗುತ್ತವೆಂದು ಬದಿಗೆ ಕಟ್ಟಿಟ್ಟೆ. ಅರಿಶಿನದ ಸರ್ವೆಯನ್ನು ಮಾತ್ರ ಒದರಲಿಲ್ಲ. ಬಾವಿಯ ಪಕ್ಕ, ನನ್ನ ಹಾಲುವಾಣದ ಬುಡದಲ್ಲಿ ಗುಂಡಿ ತೋಡಿ ಅದನ್ನು ನೆಟ್ಟೆ. ಕಂದಿ ಹೋದ ಮರ. ಸರ್ವೆಯ ಕಡಿದ ತುದಿ ಬೇರು ಬಿಡುವುದಿಲ್ಲವೆಂದು ನನಗೂ ತಿಳಿದಿತ್ತು. ಆದರೂ ಅದರ ಜಾಗ ಅದೇ.

ಆಗ ಮನೆಯ ಕಡೆಯಿಂದ ಕುಲವೆ ಕೇಳಿಸಿತು, ಹೆಂಗಸರು ನಾಲಿಗೆ ಹೊರಳಿಸಿ ಮಾಡುವ ಆ ಶುಭದ ಕೂಗು. ಶಾಸ್ತ್ರದ ನೀರಿಗೆ ಬರುತ್ತಿದ್ದರು. ಬಾವಿ ಈಗ ಹೆಸರಿಗೆ ಬಾವಿ, ಮೋಟಾರು ಹಾಕಿ ತೊಟ್ಟಿಯಿಂದ ತುಂಬಿಕೊಳ್ಳುವುದು. ಮುಂದೆ ತಮ್ಮನ ಹೆಂಡತಿ, ಹಿಂದೆ ಕೊಡ ಹಿಡಿದ ಹೆಂಗಸರು, ನಡುವೆ ಹುಡುಗಿ. ನನಗೆ ಯಾರೂ ಹೇಳಲಿಲ್ಲ. ನಾನಾಗಿ ಎದ್ದು ಬಳ್ಳಿಗಳ ಹಿಂದೆ ಸರಿದು, ಕಲ್ಲುಕಂಬದ ಮರೆಯಲ್ಲಿ ಕೂತೆ. ಅವರೆಲ್ಲ ನನ್ನ ಹಾಲುವಾಣಕ್ಕೆ ಕುಂಕುಮ ಇಟ್ಟರು. ಮದುವೆಯ ಕಂಬ ಚಿಗುರಿ ಮರವಾಗಿರುವುದು ಶುಭವಲ್ಲವೇ? ಆ ಮರದವಳು ಹಿಂದೆಯೇ ಕೂತಿದ್ದಾಳೆ ಎಂಬುದನ್ನು ನೋಡಿದವರು ಒಬ್ಬಿಬ್ಬರಿರಬೇಕು. ಯಾರೂ ನೋಡಿದಂತೆ ತೋರಿಸಿಕೊಳ್ಳಲಿಲ್ಲ. ಅವರು ಹೊರಟ ಮೇಲೆ ಕುಲವೆ ದೂರವಾಗುತ್ತಾ ಹೋಯಿತು. ನಾನು ಎದ್ದು ಬಂದು, ತೊಟ್ಟಿಯಿಂದ ಬೊಗಸೆಯಲ್ಲಿ ನೀರು ತಂದು ಸರ್ವೆಯ ಬುಡಕ್ಕೆ ಹಾಕಿದೆ.

"ಅತ್ತೆ."

ಹುಡುಗಿ ನಿಂತಿದ್ದಳು, ಸೊಂಟದಲ್ಲಿ ಅವಳ ಪುಟ್ಟ ಕೊಡ. ಗುಂಪಿನ ಹಿಂದೆ ಉಳಿದು ತಿರುಗಿ ಬಂದಿದ್ದಳು. ಮನೆಯಲ್ಲಿ ಆಗಲೇ ಹಚ್ಚಿದ್ದ ಅರಿಶಿನದಿಂದ ಮುಖ, ಕೈ, ಕೊರಳು ಎಲ್ಲ ಹಳದಿ. "ಹೋಗು ತಾಯಿ, ಹುಡುಕ್ತಾರೆ" ಎಂದೆ. ಅವಳು ಹೋಗಲಿಲ್ಲ. ಸರ್ವೆಯ ಕಾಂಡವನ್ನು ನೋಡಿ, "ಇದುಕ್ಕು ಯಾರು ಮಂಜಳ್ ವೆಚ್ಚದು?" ಎಂದು ಕೇಳಿದಳು. ಇದಕ್ಕೆ ಯಾರು ಅರಿಶಿನ ಹಚ್ಚಿದ್ದು ಎಂದು.

"ನಾನೇ" ಎಂದೆ.

ಅವಳು ಕೊಡವನ್ನು ಬಗ್ಗಿಸಿ ಒಂದಿಷ್ಟು ನೀರನ್ನು ಆ ಒಣ ಮರದ ಮೇಲಿಂದ ಎರೆದಳು. ಹಳದಿ ನೀರು ಕಾಂಡದುದ್ದಕ್ಕೂ ಇಳಿಯಿತು. ಆ ಮೇಲೆ ಕೊಡವನ್ನು ನೆಲಕ್ಕಿಟ್ಟು, ಮುಖವನ್ನು ನನ್ನ ಹತ್ತಿರ ತಂದು, ತುಟಿಯಲ್ಲಿ ಒಂದೊಂದೇ ಪದ ಹುಡುಕಿಕೊಂಡು ನಮ್ಮ ಮಾತಿನಲ್ಲಿ ಹೇಳಿದಳು.

"ಅತ್ತೆ, ನಂಗೂ ಒಸಿ ಹಚ್ಚು."

ನನ್ನ ಬಳಿ ಅರಿಶಿನವಿರಲಿಲ್ಲ. ಒದ್ದೆಯಾದ ಕಾಂಡದ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿದೆ. ಹೊಸ ವರ್ಷದ ದಿನ ಹಚ್ಚಿದ್ದು ಸ್ವಲ್ಪ ಬಂತು. ಕೆನ್ನೆಗೆ ಹಚ್ಚಲು ಧೈರ್ಯ ಬರಲಿಲ್ಲ. ಅವಳ ಕಿವಿಯ ಹಿಂದೆ, ಕೂದಲ ಕೆಳಗೆ, ಎಳೆಯ ಕೂಸಾಗಿದ್ದಾಗ ದೃಷ್ಟಿಬೊಟ್ಟು ಇಡುತ್ತಿದ್ದ ಜಾಗದಲ್ಲಿ ಹಚ್ಚಿದೆ. ಅವಳು ಕೊಡ ತೆಗೆದುಕೊಂಡು ಓಡಿದಳು. ಅವಳ ಮೈಯೆಲ್ಲ ಹಳದಿಯೇ ಇತ್ತು. ಅದರಲ್ಲಿ ನಾನು ಹಚ್ಚಿದ್ದು ಯಾವುದೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.